ಹದಿನೆಂಟು ವರ್ಷದ ಬಾಕ್ಸ್‌ಸ್ಟರ್: ಸವೆದ ಸಸ್ಪೆನ್ಷನ್ ಸರಿಪಡಿಸುವುದೋ, ಕಾಯಿಲೋವರ್ ಹಾಕಿಸುವುದೋ?

ಹಳೇ ರೋಡ್‌ಸ್ಟರ್ (ಬಸವನಗುಡಿ) ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2007ರ ಪೋರ್ಷೆ ಬಾಕ್ಸ್‌ಸ್ಟರ್ ಇದೆ. 987 ಸರಣಿಯದು, 2.7 ಲೀಟರ್ ಎಂಜಿನ್, ಐದು ಗೇರಿನ ಮ್ಯಾನುಯಲ್. ಹದಿನೈದು ವರ್ಷ ತುಂಬಿದ ಕೂಡಲೇ ಮಾರಿಬಿಡಬೇಕೆಂದುಕೊಂಡಿದ್ದೆನಾದರೂ ಮನಸ್ಸು ಒಪ್ಪದೆ 2022ರಲ್ಲಿ ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡೆ. ಇಟ್ಟುಕೊಂಡ ಮೇಲೆ ಸರಿಯಾಗಿಯೇ ಇಟ್ಟುಕೊಳ್ಳಬೇಕೆಂಬುದು ಈಗಿನ ಆಸೆ. ಓಡಿರುವುದು 58,000 ಕಿಲೋಮೀಟರ್ ಮಾತ್ರ. ವಾರದ ಆರು ದಿನ ಹೊದಿಕೆಯ ಕೆಳಗೆ ನಿಂತಿದ್ದು, ಭಾನುವಾರ ಬೆಳಕು ಹರಿಯುವ ಮುನ್ನ ಕನಕಪುರ ರಸ್ತೆಗೋ ನೈಸ್ ರಸ್ತೆಗೋ ಒಂದು ಸುತ್ತು ಹೋಗಿಬರುತ್ತದೆ.

ಈಚೆಗೆ ಕಾರಿನ ನಡೆ ಮೊದಲಿನಂತಿಲ್ಲ. ಹಂಪ್ ಇಳಿಯುವಾಗ ಮುಂಬದಿಯ ಎಡಗಡೆಯಿಂದ 'ಲೊಟ್' ಎಂಬ ಸದ್ದು ಬರುತ್ತದೆ. ಸ್ಟಿಯರಿಂಗನ್ನು ನಡುವಿನಿಂದ ಸ್ವಲ್ಪ ತಿರುಗಿಸಿದರೆ ಮೂಗು ಒಂದು ಕ್ಷಣ ಯೋಚಿಸಿ ಆಮೇಲೆ ತಿರುಗುತ್ತದೆ. ಇವೆರಡನ್ನೂ ಹೇಗೋ ಸಹಿಸಬಹುದು. ಆದರೆ ನೈಸ್ ರಸ್ತೆಯಿಂದ ಇಳಿಯುವ ಉದ್ದನೆಯ ತಿರುವಿನಲ್ಲಿ, ಹೆಚ್ಚೇನೂ ವೇಗವಿಲ್ಲದಿದ್ದರೂ, ಆಕ್ಸಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಹಿಂಬದಿ ಒಂದು ಗೇಣು ಪಕ್ಕಕ್ಕೆ ಸರಿದಂತೆ ಭಾಸವಾಗಿ, ಮತ್ತೆ ಕಾಲಿಟ್ಟರೆ ನೆಟ್ಟಗಾಗುತ್ತದೆ. ಇದು ನನಗೆ ನಿಜಕ್ಕೂ ಭಯ ತರಿಸಿದೆ.

ನಾನು ತೋರಿಸಿದ ಗ್ಯಾರೇಜಿನವರು ಕಾರನ್ನು ಒಂದು ಸುತ್ತು ಓಡಿಸಿ, ಹಳೆಯದೆಲ್ಲವನ್ನೂ ಕಿತ್ತುಹಾಕಿ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ) ಹಾಕಿ 30 ಮಿ.ಮೀ. ತಗ್ಗಿಸೋಣ, ಪಾಲಿಯುರೆಥೇನ್ ಬುಷ್ (ಕೀಲುಗಳಲ್ಲಿ ರಬ್ಬರಿನ ಬದಲು ಕೂರುವ ಗಟ್ಟಿ ಮೆತ್ತೆ) ಮತ್ತು ದಪ್ಪನೆಯ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಕೂಡ ಇರಲಿ, ಒಟ್ಟು ನಾಲ್ಕು ಲಕ್ಷದ ಆಸುಪಾಸು ಆಗುತ್ತದೆ ಎಂದರು. ನನ್ನ ಕೈಯಲ್ಲಿರುವುದು ಎರಡೂವರೆ ಲಕ್ಷ. ಟೈರ್‌ಗಳ ಹಲ್ಲು ಇನ್ನೂ ಮುಕ್ಕಾಲು ಪಾಲು ಉಳಿದಿರುವುದರಿಂದ ಅವುಗಳ ಖರ್ಚು ಸದ್ಯಕ್ಕಿಲ್ಲ. ಈ ಹಣದಲ್ಲಿ ಯಾವುದನ್ನು ಮೊದಲು ಮಾಡಿಸಬೇಕು, ತಿಳಿದವರು ದಯವಿಟ್ಟು ಹೇಳಿ.

ಗ್ರೀಸ್ ಕೈ (ಯಶವಂತಪುರ) ಉತ್ತರ:

ಸರ್, ಕೊನೆಯಿಂದ ಶುರು ಮಾಡುತ್ತೇನೆ. ಟೈರ್‌ನ ಹಲ್ಲನ್ನು ನೋಡಬೇಡಿ, ಹುಟ್ಟಿದ ದಿನ ನೋಡಿ. ಟೈರ್‌ನ ಪಕ್ಕದಲ್ಲಿ 'ಡಾಟ್' (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಮತ್ತೆರಡು ವರ್ಷ. 2316 ಎಂದಿದ್ದರೆ 2016ರ ಇಪ್ಪತ್ತಮೂರನೆಯ ವಾರ. ವಾರಕ್ಕೊಮ್ಮೆ ಓಡುವ ಕಾರಿನ ಟೈರ್ ಸವೆದು ಸಾಯುವುದಿಲ್ಲ, ಗಟ್ಟಿಯಾಗಿ ಸಾಯುತ್ತದೆ. ಹಲ್ಲು ತುಂಬಿದ್ದರೂ ರಬ್ಬರ್ ಒಣಗಿದ್ದರೆ ಅದರ ಮೇಲೆ ಎಷ್ಟು ಲಕ್ಷದ ಸಸ್ಪೆನ್ಷನ್ ಕೂರಿಸಿದರೂ ಹಿಡಿತ ಬರುವುದಿಲ್ಲ. ಹಾಗೆಯೇ ಗಾಳಿಯನ್ನೂ ನೋಡಿ. ಪೆಟ್ರೋಲ್ ಬಂಕಿನಲ್ಲಿ ನಾಲ್ಕಕ್ಕೂ ಒಂದೇ ಲೆಕ್ಕದಲ್ಲಿ ತುಂಬಿಬಿಡುತ್ತಾರೆ. ಎಂಜಿನ್ ನಡುವೆ ಇರುವ ನಿಮ್ಮ ಕಾರಿಗೆ ಹಿಂದಿನ ಟೈರ್‌ಗಳಲ್ಲಿ ಮುಂದಿನದಕ್ಕಿಂತ ಹೆಚ್ಚು ಒತ್ತಡವಿರಬೇಕು, ಅದನ್ನೂ ಟೈರ್ ತಣ್ಣಗಿರುವಾಗಲೇ ಅಳೆಯಬೇಕು.

ಈಗ ಭಯದ ವಿಷಯ. 987ರಲ್ಲಿ ಮುಂದೆಯೂ ಹಿಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಇದೆ, ಚಕ್ರವನ್ನು ಕೆಳಗಿನಿಂದ ಹಿಡಿದಿಡುವುದು ಅಲ್ಯುಮಿನಿಯಂ ಲೋಯರ್ ಆರ್ಮ್‌ಗಳು. ಶವಪೆಟ್ಟಿಗೆಯಂತೆ ಕಾಣುವುದರಿಂದ ಈ ಕಾರುಗಳ ಒಡೆಯರು ಅವನ್ನು 'ಕಾಫಿನ್ ಆರ್ಮ್' ಎಂದೇ ಕರೆಯುತ್ತಾರೆ. ಒಂದು ತುದಿಯಲ್ಲಿ ಬಾಲ್ ಜಾಯಿಂಟ್, ಇನ್ನೊಂದರಲ್ಲಿ ರಬ್ಬರ್ ಬುಷ್. ತಿರುವಿನ ನಡುವೆ ನೀವು ಕಾಲು ತೆಗೆದಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ: ಭಾರ ಮುಂದಕ್ಕೆ ಸರಿದು ಹಿಂದಿನ ಟೈರ್‌ಗಳ ಹಿಡಿತ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಚಕ್ರಗಳನ್ನು ತಡೆಯುವುದರಿಂದ ಹಿಂದಿನ ಚಕ್ರ ಹಿಂದಕ್ಕೆ ಎಳೆಯಲ್ಪಡುತ್ತದೆ. ಬುಷ್ ಗಟ್ಟಿಯಾಗಿದ್ದರೆ ಚಕ್ರ ತನ್ನ ಕೋನ ಬಿಡುವುದಿಲ್ಲ. ಬುಷ್ ಸೀಳಿದ್ದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗಿ, ಚಕ್ರ ತಾನೇ ಕಾರನ್ನು ತಿರುಗಿಸಲು ಹೊರಡುತ್ತದೆ. ನೀವು ವಿವರಿಸಿದ ಪಕ್ಕಕ್ಕೆ ಸರಿಯುವಿಕೆ ನನಗಂತೂ ಹೀಗೇ ಕೇಳಿಸುತ್ತಿದೆ, ಕಾಯಿಲೋವರ್ ಇಲ್ಲದ ಕೊರತೆಯಂತೆ ಕೇಳಿಸುತ್ತಿಲ್ಲ. ಕಿಲೋಮೀಟರ್ ಕಡಿಮೆ ಎಂಬುದು ರಬ್ಬರಿಗೆ ಲೆಕ್ಕವಲ್ಲ. ಹದಿನೆಂಟು ವರ್ಷ ಅದಕ್ಕೂ ಹದಿನೆಂಟು ವರ್ಷವೇ.

ಶಾಕ್ ಅಬ್ಸಾರ್ಬರ್ ಹೋಗಿದೆಯೇ ಎಂದು ತಿಳಿಯಲು ಬಾನೆಟ್ಟಿನ ಮೂಲೆ ಒತ್ತಿ ನೋಡುವುದು ಹಳೆಯ ಪದ್ಧತಿ, ಪೂರ್ತಿ ಹಾಳಾದದ್ದು ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯಲ್ಲಿ ಒಂದೇ ವೇಗದಲ್ಲಿ ಹೋಗಿ. ಅಲ್ಲಿ ಜೋಡಣೆಯ ಸಂದುಗಳು ಸಮ ಅಂತರದಲ್ಲಿ ಬರುತ್ತವೆ. ಸರಿಯಿರುವ ಶಾಕ್ ಪ್ರತಿ ಸಂದಿಗೂ ಒಂದೇ ಸಲ ತಟ್ಟಿ ಸುಮ್ಮನಾಗುತ್ತದೆ, ಸೋತ ಶಾಕ್ ಮುಂದಿನ ಸಂದು ಬರುವವರೆಗೂ ತೂಗಾಡುತ್ತಲೇ ಇರುತ್ತದೆ. ಆಮೇಲೆ ಕಾರನ್ನು ಎತ್ತಿಸಿ, ಶಾಕ್‌ನ ಮೈಮೇಲೆ ಎಣ್ಣೆಯ ಪಸೆ ಇದೆಯೇ ನೋಡಿ, ಲಿಂಕ್ ರಾಡ್ (ರೋಲ್ ಬಾರನ್ನು ಜೋಡಿಸುವ ಸರಳು) ಅಲುಗಾಡಿಸಿ, ಪ್ರೈ ಬಾರ್ ಹಾಕಿ ಪ್ರತಿ ಬುಷ್ ಮೀಟಿ ನೋಡಿಸಿ. ಕಾರನ್ನು ಎತ್ತದೆಯೇ ನಾಲ್ಕು ಲಕ್ಷದ ಪಟ್ಟಿ ಬರೆದವರ ಮಾತನ್ನು ನಾನಾದರೆ ಅಲ್ಲಿಗೇ ಬಿಡುತ್ತಿದ್ದೆ.

ಬದಲಾಯಿಸುವಾಗ: ಆರ್ಮ್‌ಗಳನ್ನು ಎಡ ಬಲ ಜೋಡಿಯಾಗಿ ಹಾಕಿಸಿ. ಲೇತ್ ಅಂಗಡಿಯಲ್ಲಿ ಹೊಸ ಬುಷ್ ಒತ್ತಿಸಿ ಹಳೆಯ ಆರ್ಮನ್ನೇ ಹಾಕುವ ಉಳಿತಾಯ ಬೇಡ, ಏಕೆಂದರೆ ಇನ್ನೊಂದು ತುದಿಯ ಬಾಲ್ ಜಾಯಿಂಟ್ ಹಳೆಯದಾಗಿಯೇ ಉಳಿಯುತ್ತದೆ. ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಮಾರುತಿಗೆ ಸಿಕ್ಕಂತೆ ಇದಕ್ಕೆ ಸಿಗುವುದಿಲ್ಲ, ತರಿಸಬೇಕಾಗುತ್ತದೆ, ಕಾಯುವ ತಾಳ್ಮೆಯಿರಲಿ. ಶಾಕ್ ಕೊಳ್ಳುವ ಮುನ್ನ ನಿಮ್ಮ ಕಾರಿನಲ್ಲಿ ಪಾಸ್ಮ್ (ಶಾಕ್‌ನ ಬಿಗಿಯನ್ನು ತಾನೇ ಬದಲಿಸುವ ಪೋರ್ಷೆಯ ಎಲೆಕ್ಟ್ರಾನಿಕ್ ವ್ಯವಸ್ಥೆ) ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇದ್ದರೆ ಅದಕ್ಕೆ ವಿದ್ಯುತ್ ಸಂಪರ್ಕವಿರುವ ಶಾಕೇ ಬೇಕು. ಇಲ್ಲದಿದ್ದರೆ ಬಿಲ್‌ಸ್ಟೈನ್ ತಯಾರಿಕೆಯ ಶಾಕ್‌ಗಳಲ್ಲಿ ಬಿ4 ಪೋರ್ಷೆಯ ಮೂಲ ಗುಣಕ್ಕೆ ಹತ್ತಿರದ್ದು, ಬಿ6 ಅದೇ ಸ್ಪ್ರಿಂಗಿನ ಮೇಲೆ ಸ್ವಲ್ಪ ಬಿಗಿಯಾದದ್ದು. ಬಿ8 ತಗ್ಗಿಸಿದ ಕಾರಿಗೆ, ನಿಮಗೆ ಬೇಡ. ಸ್ಟ್ರಟ್ ಬಿಚ್ಚಿದಾಗಲೇ ಮೇಲಿನ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್ ಹೊಸದು ಹಾಕಿಸಿ, ಕೂಲಿ ಒಂದೇ.

ಇನ್ನೊಂದು ಮಾತನ್ನು ಮೆಕ್ಯಾನಿಕ್‌ಗೆ ನೀವೇ ನಿಂತು ಹೇಳಬೇಕು. ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ಜೋತಾಡುತ್ತಿರುವಾಗ ಬಿಗಿಯಬಾರದು. ಬುಷ್‌ನ ಒಳಗಿನ ಕೊಳವೆ ಬೋಲ್ಟಿನೊಂದಿಗೆ ಕಚ್ಚಿಕೊಳ್ಳುತ್ತದೆ, ರಬ್ಬರ್ ತಿರುಚಿಕೊಂಡು ಕೆಲಸ ಮಾಡುತ್ತದೆ. ಜೋತಾಡುವಾಗ ಬಿಗಿದರೆ ಕಾರು ನೆಲಕ್ಕಿಳಿದಾಗಲೇ ಅದು ಪೂರ್ತಿ ತಿರುಚಿರುತ್ತದೆ, ಮತ್ತು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹಬ್‌ನ ಕೆಳಗೆ ಜ್ಯಾಕ್ ಕೊಟ್ಟು ಕಾರಿನ ಭಾರ ಬಂದ ಮೇಲೆ, ಟಾರ್ಕ್ ರೆಂಚ್‌ನಿಂದ, ಹೊಸ ನಟ್ ಹಾಕಿ ಬಿಗಿಯಲಿ.

ನಾಗರಬಾವಿ ಕೂಪೆ ಉತ್ತರ:

ಮೇಲಿನವರ ಮಾತಿಗೆ ನನ್ನ ಅನುಭವದ ಸಾಕ್ಷಿ. ನನ್ನ ಹಳೆಯ ಜರ್ಮನ್ ಕೂಪೆಗೆ ಕಾಯಿಲೋವರ್ ಹಾಕಿಸಿ 25 ಮಿ.ಮೀ. ತಗ್ಗಿಸಿದ್ದೆ. ಚೆನ್ನೈ ಬಳಿಯ ಇರುಂಗಾಟುಕೋಟೆಯ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಿದಾಗ ಅದರಷ್ಟು ಚಂದದ ಕಾರು ಇನ್ನೊಂದಿಲ್ಲ ಎನಿಸಿತು. ಉಳಿದ 364 ದಿನ ಬೆಂಗಳೂರಿನಲ್ಲಿರಬೇಕಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾನದಂಡದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲವಿರಬೇಕು. ನಮ್ಮ ಬಡಾವಣೆಯಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳು ಎತ್ತರವನ್ನು ಪಾಲಿಸಿ ಅಗಲವನ್ನು ಮರೆಯುತ್ತವೆ. ಹೊಟ್ಟೆ ಉಜ್ಜದೆ ಮನೆ ಸೇರಿದ ದಿನವೇ ಇರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಉಬ್ಬುತಗ್ಗಿನ ರಸ್ತೆಯಲ್ಲಿ ಬಿಗಿಯಾದ ಸ್ಪ್ರಿಂಗ್ ಚಕ್ರವನ್ನು ನೆಲದಿಂದ ಎಗರಿಸುತ್ತದೆ, ಗಾಳಿಯಲ್ಲಿರುವ ಟೈರ್‌ಗೆ ಹಿಡಿತ ಎಲ್ಲಿಂದ ಬರಬೇಕು? ಪಾಲಿ ಬುಷ್ ಆರು ತಿಂಗಳಲ್ಲಿ ಬಾಗಿಲಿನ ಕೀಲಿನಂತೆ ಕಿರುಗುಟ್ಟಿತು. ಕೊನೆಗೆ ಎಲ್ಲವನ್ನೂ ತೆಗೆಸಿ ಕಂಪನಿಯ ಮಾದರಿಗೇ ಮರಳಿದೆ. ಎರಡು ಸಲ ಕೂಲಿ ಕೊಟ್ಟೆ. ಹಿಂಬದಿಗೆ ದಪ್ಪ ರೋಲ್ ಬಾರ್ ಹಾಕಿದರೆ ಹಿಂಬದಿ ಇನ್ನಷ್ಟು ಬೇಗ ಜಾರುತ್ತದೆ. ನೀವು ಭಯಪಡುತ್ತಿರುವುದೇ ಅದಕ್ಕೆ ತಾನೆ?

ಅಲೈನ್‌ಮೆಂಟ್ ಬೇ (ರಾಜಾಜಿನಗರ) ಉತ್ತರ:

ನಾನು ಇದೇ ಕೆಲಸದಲ್ಲಿರುವವನು. ಒಂದು ಸಲಹೆ: ಏನನ್ನೂ ಬಿಚ್ಚುವ ಮುನ್ನ ಕಾರನ್ನು ಅಲೈನ್‌ಮೆಂಟ್ ಯಂತ್ರದ ಮೇಲೆ ನಿಲ್ಲಿಸಿ, ಅಳತೆ ಮಾತ್ರ ತೆಗೆಸಿ ಕಾಗದ ತೆಗೆದುಕೊಳ್ಳಿ. ಹೊಂದಿಸುವುದು ಬೇಡ, ಸಡಿಲ ಬುಷ್‌ನ ಮೇಲೆ ಹೊಂದಿಸಿದ್ದು ಗೇಟು ದಾಟುವಷ್ಟರಲ್ಲಿ ಬದಲಾಗಿರುತ್ತದೆ. ಆದರೆ ಹಿಂಬದಿಯ ಟೋ ಎಡಕ್ಕೊಂದು ಬಲಕ್ಕೊಂದು ಬಂದರೆ ಯಾವ ಮೂಲೆಯಲ್ಲಿ ಹುಡುಕಬೇಕೆಂದು ಆ ಕಾಗದವೇ ಹೇಳುತ್ತದೆ.

ಬಿಡಿಭಾಗ ಹಾಕಿ ಒಂದಿನ್ನೂರು ಕಿಲೋಮೀಟರ್ ಓಡಿಸಿ, ಎಲ್ಲವೂ ಕೂತ ಮೇಲೆ ನಿಜವಾದ ಹೊಂದಾಣಿಕೆ ಮಾಡಿಸಿ. ಹಿಂದಿನ ಆಕ್ಸಲ್ ಮೊದಲು, ಮುಂದಿನದು ಆಮೇಲೆ. ಕಾರು ಹೋಗುವ ದಿಕ್ಕನ್ನು ಗೊತ್ತುಮಾಡುವುದು ಹಿಂದಿನ ಚಕ್ರಗಳು. ಮುಂದೆ ಮಾತ್ರ ಹೊಂದಿಸಿ ಕಳುಹಿಸುವ ಅಂಗಡಿಗೆ ಈ ಕಾರನ್ನು ಒಯ್ಯಬೇಡಿ. ಹಿಂಬದಿಯಲ್ಲಿ ಚಕ್ರದ ಕೋನ ಹೊಂದಿಸುವ ಎಕ್ಸೆಂಟ್ರಿಕ್ ಬೋಲ್ಟ್‌ಗಳು ಇಷ್ಟು ವರ್ಷದಲ್ಲಿ ತುಕ್ಕು ಹಿಡಿದು ಅಂಟಿಕೊಂಡಿರಬಹುದು, ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಿ. ಹಿಂದೆ ಎರಡೂ ಚಕ್ರಕ್ಕೆ ಸಮನಾದ ಸ್ವಲ್ಪ ಟೋ ಇನ್ (ಚಕ್ರದ ಮುಂಭಾಗ ಒಳಕ್ಕೆ ತಿರುಗಿರುವುದು) ಇರಲೇಬೇಕು, ಸ್ಥಿರತೆ ಬರುವುದು ಅದರಿಂದ. ಮುಂದೆ ಟೋ ಔಟ್ (ಹೊರಕ್ಕೆ ತಿರುಗಿರುವುದು) ಕೊಟ್ಟರೆ ಮೂಗು ಚುರುಕಾಗುತ್ತದೆ ಎಂದು ಓದಿ ಬರುವವರಿದ್ದಾರೆ. ನೇರ ರಸ್ತೆಯಲ್ಲಿ ಅಲೆದಾಡಿಸುತ್ತದೆ, ಟೈರ್‌ನ ಒಳ ಅಂಚನ್ನೂ ತಿನ್ನುತ್ತದೆ. ಕಂಪನಿಯ ಅಳತೆಯೊಳಗೇ ಇರಲಿ.

ಹಳೇ ರೋಡ್‌ಸ್ಟರ್ (ಬಸವನಗುಡಿ), ಏಳು ವಾರಗಳ ನಂತರ:

ಮೂವರಿಗೂ ಧನ್ಯವಾದ. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಟೈರ್ ನೋಡಿ ನನಗೇ ನಾಚಿಕೆಯಾಯಿತು. ಹಿಂದಿನವು 1415, ಮುಂದಿನವು 3219, ಅದೂ ಬೇರೆ ಬೇರೆ ಕಂಪನಿಯವು. ಅಳತೆಯ ಕಾಗದದಲ್ಲಿ ಹಿಂಬದಿಯ ಬಲ ಚಕ್ರ ಟೋ ಇನ್ ಇದ್ದರೆ ಎಡ ಚಕ್ರ ಟೋ ಔಟ್ ಇತ್ತು. ಎತ್ತಿ ನೋಡಿದಾಗ ಹಿಂದಿನ ಎಡ ಆರ್ಮ್‌ನ ಬುಷ್ ಅರ್ಧಕ್ಕೆ ಸೀಳಿತ್ತು. ಮುಂದಿನ ಎಡ ಆರ್ಮ್‌ನ ಬಾಲ್ ಜಾಯಿಂಟಿನಲ್ಲಿ ಪ್ಲೇ (ಸಡಿಲ) ಇತ್ತು, 'ಲೊಟ್' ಸದ್ದು ಅಲ್ಲಿಯದೇ. ಹಿಂದಿನ ಒಂದು ಶಾಕ್ ಎಣ್ಣೆ ಕಾರಿತ್ತು. ಸ್ಪ್ರಿಂಗ್‌ಗಳು ನಾಲ್ಕೂ ಚೆನ್ನಾಗಿದ್ದವು.

ನಾಲ್ಕು ಆರ್ಮ್, ನಾಲ್ಕು ಲಿಂಕ್ ರಾಡ್, ನಾಲ್ಕು ಬಿ4 ಶಾಕ್, ಮೇಲಿನ ಮೌಂಟಿಂಗ್‌ಗಳು, ಕೊನೆಗೆ ನಾಲ್ಕು ಟೈರ್ ಎಲ್ಲ ಸೇರಿ ನನ್ನ ಲೆಕ್ಕ ಮೀರಿತು, ಆದರೂ ಆ ನಾಲ್ಕು ಲಕ್ಷವನ್ನು ಮುಟ್ಟಲಿಲ್ಲ. ಬೋಲ್ಟ್ ಬಿಗಿಯುವಾಗ ಪಕ್ಕದಲ್ಲೇ ನಿಂತಿದ್ದೆ. ಮೆಕ್ಯಾನಿಕ್ ಮೊದಲು ಮುಖ ಗಂಟಿಕ್ಕಿದರೂ ಆಮೇಲೆ ಹಬ್‌ಗೆ ಜ್ಯಾಕ್ ಕೊಟ್ಟೇ ಬಿಗಿದರು.

ಅದೇ ತಿರುವಿನಲ್ಲಿ ಅದೇ ವೇಗದಲ್ಲಿ ಬೇಕೆಂದೇ ಕಾಲು ತೆಗೆದು ನೋಡಿದೆ. ಮೂಗು ಸ್ವಲ್ಪ ಒಳಕ್ಕೆ ಬಾಗಿತು, ಹಿಂಬದಿ ಕದಲಲಿಲ್ಲ. ಹಂಪ್‌ಗಳ ಮೇಲೆ ಮೊದಲಿಗಿಂತ ಮೆತ್ತಗೆ ಹೋಗುತ್ತಿದೆ ಎಂಬುದು ನಾನು ನಿರೀಕ್ಷಿಸದೆ ಇದ್ದದ್ದು. ಒಂದೇ ಕೊರತೆ: ಅಲೈನ್‌ಮೆಂಟ್ ಆದ ಮೇಲೆ ಕಾರು ನೇರವಾಗಿ ಹೋಗುತ್ತಿದ್ದರೂ ಸ್ಟಿಯರಿಂಗ್ ಚಕ್ರ ತುಸು ಎಡಕ್ಕೆ ವಾಲಿ ನಿಂತಿದೆ. ಇದು ಮತ್ತೇನಾದರೂ ಸಡಿಲವಾಗಿರುವುದರ ಲಕ್ಷಣವೇ?

ಅಲೈನ್‌ಮೆಂಟ್ ಬೇ (ರಾಜಾಜಿನಗರ) ಉತ್ತರ:

ಅಲ್ಲ. ಮುಂದಿನ ಟೋ ಹೊಂದಿಸುವಾಗ ಸ್ಟಿಯರಿಂಗನ್ನು ನಡುವಿನಲ್ಲಿ ಲಾಕ್ ಮಾಡದೆ ಬಿಟ್ಟಿದ್ದಾರೆ, ಅಷ್ಟೆ. ಮತ್ತೆ ಅಲ್ಲಿಗೇ ಹೋಗಿ, ಸ್ಟಿಯರಿಂಗನ್ನು ಮುಂದಿನ ಚಕ್ರಗಳಿಗೆ ಜೋಡಿಸುವ ಎರಡೂ ಟೈ ರಾಡ್‌ಗಳನ್ನು ಸಮನಾಗಿ, ಒಂದನ್ನು ಉದ್ದ ಮಾಡಿದಷ್ಟೇ ಇನ್ನೊಂದನ್ನು ಗಿಡ್ಡ ಮಾಡಿ ಸರಿಪಡಿಸಲು ಹೇಳಿ. ಒಟ್ಟು ಟೋ ಬದಲಾಗುವುದಿಲ್ಲ. ಸ್ಟಿಯರಿಂಗ್ ಚಕ್ರವನ್ನೇ ಕಳಚಿ ನೆಟ್ಟಗೆ ಕೂರಿಸುತ್ತೇವೆ ಎಂದರೆ ಒಪ್ಪಬೇಡಿ. ಅದರೊಳಗೆ ಏರ್‌ಬ್ಯಾಗ್, ಅದರ ಹಿಂದೆ ಕೋನ ಅಳೆಯುವ ಸೆನ್ಸರ್ ಇವೆ. ಕೆಲಸ ಮುಗಿದ ಮೇಲೆ ಸ್ಕ್ಯಾನರ್ ಹಾಕಿ ಆ ಸೆನ್ಸರ್ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಿಸಿಕೊಂಡು ಬನ್ನಿ.