ಸಹಾಯ ಬೇಕು: ಎಲ್ಲ ಆಫ್ ಇದ್ದರೂ 0.2 ಆಂಪಿಯರ್ ತೋರಿಸುತ್ತಿದೆ

ನಮಸ್ಕಾರ. ನಮ್ಮ ಹಳೇ ಫ್ರಿಜ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ತಿಳಿಯಬೇಕಿದೆ. ಎಸ್‌ಸಿಟಿ-013 ಕ್ಲಾಂಪ್ ಸೆನ್ಸರನ್ನು (ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವುದು; 100 ಆಂಪಿಯರ್‌ಗೆ 50 ಮಿಲಿಆಂಪಿಯರ್ ಕೊಡುವಂಥದ್ದು) ಆರ್ಡುಯಿನೋ ಉನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿಗೆ ಜೋಡಿಸಿದ್ದೇನೆ. ಬರ್ಡನ್ ರೆಸಿಸ್ಟರ್ (ಸೆನ್ಸರಿನ ಕರೆಂಟನ್ನು ವೋಲ್ಟೇಜ್ ಆಗಿ ಬದಲಿಸುವುದು) 33 ಓಮ್, ಬಯಾಸ್ (ಸಿಗ್ನಲ್ ಮೈನಸ್ಸಿಗೆ ಇಳಿಯದಂತೆ ಸೇರಿಸುವ ವೋಲ್ಟೇಜ್) 2.5 ವೋಲ್ಟ್. ಕ್ಲಾಂಪ್ ಫೇಸ್ ವೈರಿಗೆ ಮಾತ್ರ ಹಾಕಿದ್ದೇನೆ.

2000 ವ್ಯಾಟ್ ಗೀಸರ್‌ಗೆ 8.6 ಆಂಪಿಯರ್ ಬರುತ್ತದೆ, ಸರಿಯಾಗಿದೆ ಅಲ್ವಾ? ಆದರೆ ಎಲ್ಲ ಆಫ್ ಮಾಡಿದರೂ 0.2 ಹೋಗುವುದಿಲ್ಲ. ಫ್ಯಾನ್, ಬಲ್ಬು ಅದರಲ್ಲೇ ಮುಚ್ಚಿಹೋಗುತ್ತವೆ. ಲೆಕ್ಕ ಹಾಕಿದೆ: ಉನೋದ 10 ಬಿಟ್ ಎಡಿಸಿಯಲ್ಲಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗ) ಒಂದು ಅಂಕಿ ಬದಲಾದರೇ ಸುಮಾರು 0.3 ಆಂಪಿಯರ್!

ನಮಗೆ 20 ಆಂಪಿಯರ್‌ಗಿಂತ ಜಾಸ್ತಿ ಬೇಡ. ಬರ್ಡನ್ 150 ಓಮ್ ಮಾಡಿದರೆ ಸಾಕಾ? ಇಲ್ಲ, 16 ಬಿಟ್‌ನ ಎಡಿಎಸ್1115 ಎಂಬ ಬೇರೆ ಎಡಿಸಿ ಚಿಪ್ ತರಬೇಕಾ? ಅದು ಸೆಕೆಂಡಿಗೆ 860 ಸ್ಯಾಂಪಲ್ (ಅಳತೆ) ಅಷ್ಟೇ ಕೊಡುತ್ತದೆ. ನಮ್ಮ 50 ಹರ್ಟ್ಸ್‌ಗೆ ಅಷ್ಟು ಸಾಲುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.