ಎರಡು ಚುರುಕು ನಾಯಿ, ಕಲಿಸುವವರು ಒಬ್ಬರೇ: ಕಾಯುವ ನಾಯಿಯನ್ನು ಎಲ್ಲಿಡಬೇಕು?

ಟೆರೇಸ್ ಮನೆ, ಮೈಸೂರು
ನಮ್ಮಲ್ಲಿ ಎರಡು ನಾಯಿಗಳಿವೆ. ಮಿಂಚು ಬೆಲ್ಜಿಯನ್ ಮ್ಯಾಲಿನೋಯ್ಸ್ ತಳಿ, ಹೆಣ್ಣು, ಒಂದೂವರೆ ವರ್ಷ. ಕೆಂಚ ಮುಧೋಳ ತಳಿ, ಗಂಡು, ಮೂರು ವರ್ಷ. ಒಂದೊಂದೇ ಇದ್ದಾಗ ಇಬ್ಬರೂ ಚೆನ್ನಾಗಿ ಕಲಿಯುತ್ತಾರೆ. ಆದರೆ ಕೆಂಚನನ್ನು ಕರೆದುಕೊಂಡು ಟೆರೇಸಿಗೆ ಹೋದರೆ ಸಾಕು, ರೂಮಿನಲ್ಲಿರುವ ಮಿಂಚು ಕಿರುಚಲು ಶುರು. ಬಾಗಿಲಿನ ಚೌಕಟ್ಟನ್ನೇ ಕಡಿದಿದ್ದಾಳೆ. ಮೇಲೆ ತಂದು ಕಂಬಕ್ಕೆ ಕಟ್ಟಿದರೆ ಇನ್ನೂ ಜಾಸ್ತಿ. ಪಕ್ಕದ ಮನೆಯವರು ‘ನಾಯಿಗೆ ಹೊಡೀತೀರಾ?’ ಎಂದು ಕೇಳಿದರು. ಕಲಿಸುವವಳು ನಾನೊಬ್ಬಳೇ. ಇಬ್ಬರಿರುವ ಮನೆಯಲ್ಲಿ ನೀವೆಲ್ಲ ಏನು ಮಾಡುತ್ತೀರಿ?

ಹಳೇ ಶೆಪರ್ಡ್
ಮೊದಲು ಸುಸ್ತು ಮಾಡಿಸಿ ಮೇಡಂ. ಬೆಳಿಗ್ಗೆ ಸ್ಕೂಟರ್ ಪಕ್ಕ ಓಡಿಸಿ, ಬಂದ ಮೇಲೆ ಅರ್ಧ ಗಂಟೆ ಬಾಲ್ ಎಸೆಯಿರಿ. ಆಮೇಲೆ ಕಿರುಚಲು ಉಸಿರೇ ಇರುವುದಿಲ್ಲ. ಈಗಿನವರು ಇದನ್ನು ಬಿಟ್ಟು ಬಾಕಿ ಎಲ್ಲ ಮಾಡುತ್ತಾರೆ.

ಬಾಲ್ ಬಿಡದವ
ಸರ್, ಲ್ಯಾಬ್ರಡಾರ್ ಆಗಿದ್ದರೆ ಒಪ್ಪುತ್ತಿದ್ದೆ. ಮ್ಯಾಲಿನೋಯ್ಸ್‌ಗೆ ದಿನಾ ಓಡಿಸಿದರೆ ದಮ್ಮು ಬೆಳೆಯುತ್ತದೆ, ಅಷ್ಟೇ. ಮುಂದಿನ ತಿಂಗಳು ಅದೇ ಸುಸ್ತಿಗೆ ಎರಡರಷ್ಟು ಓಡಿಸಬೇಕು. ಬಾಲ್ ಮೇಲೆ ಬಾಲ್ ಎಸೆದರೆ ತಲೆ ಇನ್ನೂ ಬಿಸಿಯಾಗುತ್ತದೆ. ಮೈ ದಣಿದಿರುತ್ತದೆ, ಕಣ್ಣು ಮಾತ್ರ ಬಾಲ್ ಹುಡುಕುತ್ತಲೇ ಇರುತ್ತದೆ. ಸ್ಕೂಟರ್ ಪಕ್ಕ ಟಾರು ರಸ್ತೆಯಲ್ಲಿ ಓಡಿಸುವುದಂತೂ ಬೇಡವೇ ಬೇಡ.
ಮಿಂಚುವನ್ನು ಕಂಬಕ್ಕೆ ಕಟ್ಟುವುದನ್ನು ಇವತ್ತೇ ನಿಲ್ಲಿಸಿ. ಕಚ್ಚುವ ಆಟ ಕಲಿಸುವ ಕ್ಲಬ್ಬುಗಳಲ್ಲಿ ಮರಿಗೆ ಹುಮ್ಮಸ್ಸು ಬರಿಸಲು ಏನು ಮಾಡುತ್ತಾರೆ ಗೊತ್ತಾ? ಕಟ್ಟಿ ನಿಲ್ಲಿಸಿ, ಬೇರೆ ನಾಯಿ ಆಡುವುದನ್ನು ತೋರಿಸುತ್ತಾರೆ. ನೀವು ಟೆರೇಸಿನಲ್ಲಿ ಅದನ್ನೇ ಮಾಡುತ್ತಿದ್ದೀರಿ, ಬೇಕೆಂದು ಅಲ್ಲ ಅಷ್ಟೇ. ಕಾಣದಂತೆ, ಕೇಳದಂತೆ ಇಡಿ. ಕ್ರೇಟಿನ (ನಾಯಿಯನ್ನು ಇಡುವ ಪಂಜರದಂಥ ಪೆಟ್ಟಿಗೆ) ಮೇಲೆ ಗಾಳಿಯಾಡುವ ಬಟ್ಟೆ ಹಾಕಿ, ಕೆಳಗಿನ ಮನೆಯಲ್ಲಿ ಫ್ಯಾನ್ ಓಡುತ್ತಿರಲಿ.

ಗೋಣಿಚೀಲ ಅಕ್ಕ
ಕಟ್ಟಬಾರದು ಎನ್ನುವುದು ಸರಿ. ಆದರೆ ಜೀವನವಿಡೀ ಬಟ್ಟೆ ಮುಚ್ಚಿ ಇಡುತ್ತೀರಾ? ಎರಡು ನಾಯಿಯ ಮನೆಯಲ್ಲಿ ಕಾಯುವುದೇ ದೊಡ್ಡ ಪಾಠ. ನಾವೆಲ್ಲ ಕೆಲಸ ಮಾಡುವ ನಾಯಿಗೆ ತಿಂಡಿ ಕೊಡುತ್ತೇವೆ, ಕಾಯುವ ನಾಯಿಗೆ ಬರೀ ‘ಶ್ ಶ್’ ಅನ್ನುತ್ತೇವೆ. ಅದು ಯಾಕೆ ಕಾಯಬೇಕು ಹೇಳಿ?
ನಾನು ಗೋಣಿಚೀಲದ ಮೇಲೆ ಕೂರಿಸುತ್ತೇನೆ. ಶುರುವಿನಲ್ಲಿ ಎರಡನೇ ನಾಯಿ ಹತ್ತಿರ ಇರಲೇಬಾರದು. ಗೋಣಿಚೀಲದ ಮೇಲಿದ್ದರೆ ಬೇಯಿಸಿದ ಕೋಳಿ ತುಂಡು ಸಿಗುತ್ತದೆ ಎಂಬುದು ಗಟ್ಟಿಯಾಗಲಿ. ಆಮೇಲೆ ನೀವೇ ಸುಮ್ನೆ ಆಟಿಕೆ ಎತ್ತಿ, ಕೆಳಗಿಟ್ಟು, ಕಾದವಳಿಗೆ ತಿಂಡಿ ಕೊಡಿ. ಅದು ಸಲೀಸಾದ ಮೇಲೆ ಕೆಂಚ ದೂರದಲ್ಲಿ ನಿಧಾನ ನಡೆಯಲಿ. ಅವನಿಗೆ ಒಂದು ತುಂಡು ಹೋದರೆ ಮಿಂಚುಗೆ ಮೂರು. ಅವನು ಓಡುವುದು, ಎಳೆದಾಡುವುದು ಎಲ್ಲ ಕೊನೆಗೆ. ಕಿರುಚಿದಳು ಅಂದರೆ ತುಂಬಾ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಬೈಯಬೇಡಿ, ದೂರ ಹೋಗಿ.

ಬಾಲ್ ಬಿಡದವ
ಅಕ್ಕಾ, ಬಾಯಲ್ಲಿ ಹೇಳಲು ಸುಲಭ. ಇವಳು ಈಗಾಗಲೇ ಚೌಕಟ್ಟು ಕಡಿಯುವ ಮಟ್ಟದಲ್ಲಿದ್ದಾಳೆ. ಆ ಬಿಸಿಯಲ್ಲಿ ಕೋಳಿ ಮೂಸಿಯೂ ನೋಡುವುದಿಲ್ಲ. ಬೆಂಗಳೂರು ಹತ್ತಿರದ ತರಳು ಸಿಆರ್‌ಪಿಎಫ್ ಶ್ವಾನ ಶಾಲೆಯಲ್ಲಿ ಎಷ್ಟೊಂದು ಮ್ಯಾಲಿನೋಯ್ಸ್ ಇವೆ, ಎಲ್ಲವನ್ನೂ ಗೋಣಿಚೀಲದ ಮೇಲೆ ಸಾಲಾಗಿ ಕೂರಿಸುತ್ತಾರಾ?

ಗೋಣಿಚೀಲ ಅಕ್ಕ
ಅಲ್ಲಿ ಪ್ರತಿ ನಾಯಿಗೂ ಅದರದೇ ಹ್ಯಾಂಡ್ಲರ್ ಇರುತ್ತಾರೆ, ಅದರದೇ ಗೂಡು ಇರುತ್ತದೆ. ಮೈಸೂರಿನಲ್ಲಿ ಒಬ್ಬ ಹೆಂಗಸು, ಎರಡು ನಾಯಿ, ಒಂದು ಮೆಟ್ಟಿಲು. ಹೋಲಿಸಲು ಬರುವುದಿಲ್ಲ.

ಸುಮ್ನೆ ನೋಡುವವ
ಯಾರೂ ಹೇಳದ ಸುಲಭ ದಾರಿ: ಒಂದೇ ನಾಯಿ ಸಾಕಬೇಕಿತ್ತು.

ಡಾಕ್ಟ್ರಮ್ಮ
ಜಗಳದ ನಡುವೆ ಒಂದು ಪ್ರಶ್ನೆ ಉಳಿದುಹೋಯಿತು. ಟೆರೇಸ್ ಮನೆಯವರೇ, ನೀವು ಇಬ್ಬರನ್ನೂ ಬಿಟ್ಟು ಹೊರಗೆ ಹೋದಾಗ ಮಿಂಚು ಏನು ಮಾಡುತ್ತಾಳೆ? ಆಗಲೂ ಕಿರುಚಿ, ಬಾಗಿಲು ಕಡಿದು, ಜೊಲ್ಲು ಸುರಿಸಿದರೆ ಅದು ಒಂಟಿತನದ ಭಯ ಇರಬಹುದು. ಕ್ರೇಟಿಗೆ ಹಾಕಿದರೆ ಹಲ್ಲು ಮುರಿದುಕೊಳ್ಳುತ್ತಾಳೆ, ಭಯವೂ ಹೆಚ್ಚುತ್ತದೆ. ಆ ಚಿಕಿತ್ಸೆಯೇ ಬೇರೆ. ಹಾಗಲ್ಲದೆ ನಿಮ್ಮ ಪಾಠದ ಹೊತ್ತಿನಲ್ಲಿ ಮಾತ್ರ ಹೀಗಾದರೆ, ‘ನನ್ನನ್ನು ಬಿಟ್ಟರಲ್ಲ’ ಎಂಬ ಚಡಪಡಿಕೆ.

ಟೆರೇಸ್ ಮನೆ, ಮೈಸೂರು
ಮಾರ್ಕೆಟ್ಟಿಗೆ ಹೋದರೆ ಇಬ್ಬರೂ ಮಲಗಿರುತ್ತಾರೆ ಡಾಕ್ಟ್ರೇ. ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದ್ದೇನೆ, ಸದ್ದೇ ಇಲ್ಲ. ನಾನು ತಿಂಡಿ ಚೀಲ ಸೊಂಟಕ್ಕೆ ಕಟ್ಟಿದಾಗ ಮಾತ್ರ ಈ ರಂಪ.

ಡಾಕ್ಟ್ರಮ್ಮ
ಹಾಗಾದರೆ ಚಡಪಡಿಕೆಯೇ. ಚೀಲ ಕಟ್ಟಿಕೊಂಡು ಅಡುಗೆ ಮಾಡಿ, ಬಟ್ಟೆ ಒಣಗಿಸಿ. ಚೀಲ ಕಂಡ ತಕ್ಷಣ ಪಾಠ ಶುರು ಎಂಬ ಲೆಕ್ಕ ತಪ್ಪಲಿ. ಇನ್ನೊಂದು, ಬಾಗಿಲ ಹತ್ತಿರ ಹುಷಾರು. ಇಷ್ಟು ಉದ್ರೇಕದಲ್ಲಿರುವ ನಾಯಿ ಬಾಗಿಲು ತೆರೆದೊಡನೆ ಎದುರು ಸಿಕ್ಕ ಗೆಳೆಯನನ್ನೇ ಕಚ್ಚಬಹುದು. ದ್ವೇಷವೇನೂ ಇರುವುದಿಲ್ಲ, ಆ ಕ್ಷಣದ ಬಿಸಿ. ಇಬ್ಬರನ್ನೂ ಒಟ್ಟಿಗೆ ಬಾಗಿಲು ದಾಟಿಸಬೇಡಿ. ಕಚ್ಚಾಟವಾದರೆ ಕುತ್ತಿಗೆ ಬೆಲ್ಟಿಗೆ ಕೈ ಹಾಕಬೇಡಿ, ಕೈಗೇ ಬೀಳುತ್ತದೆ.
ಟೆರೇಸಿನ ನೆಲಕ್ಕೆ ನಿಮ್ಮ ಅಂಗೈ ಹಿಂಭಾಗ ಇಟ್ಟು ನೋಡಿ. ಐದಾರು ಸೆಕೆಂಡ್ ತಡೆಯಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗದು.

ರಾಮದುರ್ಗದ ಹುಡುಗ
ಎಲ್ಲರೂ ಮಿಂಚು ಮಿಂಚು ಅನ್ನುತ್ತಿದ್ದೀರಿ, ನಮ್ಮ ಕೆಂಚನ ಬಗ್ಗೆ ಯಾರೂ ಕೇಳಲಿಲ್ಲ ನೋಡ್ರಿ! ಮುಧೋಳ ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ ರೀ ಅಕ್ಕಾರ. ಹಿಂದೆ ನಮ್ಮ ಕಡೆ ಮೊಲದ ಹಿಂದೆ ಬಿಡುತ್ತಿದ್ದರು, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಅದು ಅಪರಾಧ. ಆದರೆ ಕಾಯ್ದೆ ನಾಯಿಯ ಕಣ್ಣಿಗೆ ಗೊತ್ತಿಲ್ಲ. ಪಕ್ಕದ ಟೆರೇಸಿನಲ್ಲಿ ಬೆಕ್ಕು ಓಡಿತು ಅಂದರೆ ಕೆಂಚ ಪ್ಯಾರಾಪೆಟ್ ಗೋಡೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಅಲ್ಲಿ ಬೆಲ್ಟು, ಉದ್ದ ಹಗ್ಗ ಇಲ್ಲದೆ ಬಿಡಬೇಡಿ.
ಮತ್ತೆ ಮ್ಯಾಲಿನೋಯ್ಸ್ ಹಾಗೆ ಒಂದೇ ಪಾಠ ಇಪ್ಪತ್ತು ಸಲ ಮಾಡಿಸಬೇಡಿ. ಮೂರ್ನಾಲ್ಕು ಸಲ ಸರಿ ಮಾಡಿದರೆ ಮುಗಿಸಿ, ಇಲ್ಲದಿದ್ದರೆ ಮುಖ ತಿರುಗಿಸುತ್ತಾನೆ. ಮಂದಿ ಅದನ್ನು ದಡ್ಡತನ ಅನ್ನುತ್ತಾರೆ. ದಡ್ಡನಾಗಿದ್ದರೆ ಸೈನ್ಯದವರು ಮುಧೋಳ ನಾಯಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಡುತ್ತಿದ್ದರೇನು? ಅವನ ಪಾಠ ಚಿಕ್ಕದಿದ್ದರೆ ಮಿಂಚು ಕಾಯುವ ಹೊತ್ತೂ ಚಿಕ್ಕದಾಗುತ್ತದೆ. ಮೊದಲು ಅವನಿಗೇ ಗೋಣಿಚೀಲ ಕಲಿಸಿ, ಬೇಗ ಒಪ್ಪುತ್ತಾನೆ.

ಗೋಣಿಚೀಲ ಅಕ್ಕ
ತಮ್ಮ ಹೇಳಿದ್ದು ಸರಿ. ಮಿಂಚು ಕೆಲಸ ಮಾಡುವಾಗ ಕೆಂಚ ಕಾಯಲಿ, ಅದರಿಂದ ಶುರು ಮಾಡಿ. ಅಪ್ಪಣೆಗೆ ಮೊದಲು ಹೆಸರು ಹೇಳಿ: ‘ಮಿಂಚು, ಬಾ’, ‘ಕೆಂಚ, ಬಾ’. ಬರೀ ‘ಬಾ’ ಅಂದರೆ ಇಬ್ಬರೂ ಓಡಿ ಬರುತ್ತಾರೆ, ಆಮೇಲೆ ಯಾರನ್ನು ಬೈಯುತ್ತೀರಿ? ಮತ್ತೆ ಸರದಿ ಬದಲಾಗುವುದು ಸದ್ದು ನಿಂತಾಗ ಮಾತ್ರ. ಎರಡೇ ಸೆಕೆಂಡ್ ಸುಮ್ಮನಿದ್ದರೂ ಸಾಕು, ಆಗ ಕರೆಯಿರಿ. ಕಿರುಚುವಾಗ ಬಾಗಿಲು ತೆರೆದರೆ, ಕಿರುಚಿದ್ದಕ್ಕೆ ಸರದಿ ಬಂತು ಎಂದೇ ಅವಳ ಲೆಕ್ಕ.

ಹಳೇ ಶೆಪರ್ಡ್
ಸರಿ, ಸ್ಕೂಟರ್ ಬಿಟ್ಟೆ. ಆದರೆ ಚುರುಕು ನಾಯಿ ನಾಲ್ಕು ಗೋಡೆಯೊಳಗೆ ಕೋಳಿ ತಿಂದುಕೊಂಡು ಶಾಂತವಾಗುತ್ತದೆ ಅಂದರೆ ನಾನು ನಂಬುವುದಿಲ್ಲ. ಹೊರಗೆ ಕರೆದುಕೊಂಡು ಹೋಗಲೇಬೇಕು.

ಬಾಲ್ ಬಿಡದವ
ಹೋಗಲಿ ಸರ್, ಬೇಡ ಅಂದವರಾರು? ಓಡಿಸುವ ಬದಲು ಮೂಸಲು ಬಿಡಿ. ಊಟದ ಕಾಳನ್ನು ಹುಲ್ಲಿನಲ್ಲಿ ಚೆಲ್ಲಿ ಹುಡುಕಿಸಿ. ಮೂಗು ಕೆಲಸ ಮಾಡಿದರೆ ತಲೆ ತಣ್ಣಗಾಗುತ್ತದೆ. ಇಬ್ಬರಿಗೂ ಬೇರೆ ಬೇರೆ ಜಾಗದಲ್ಲಿ, ಊಟದ ವಿಷಯದಲ್ಲಿ ನಂಬಿಕೆ ಬೇಡ.
ಅಕ್ಕನ ಪಾಠ ಒಪ್ಪುತ್ತೇನೆ, ಆದರೆ ಮಿಂಚುಗೆ ಈಗಲೇ ಅಲ್ಲ. ಮೊದಲ ವಾರಗಳಲ್ಲಿ ಕೆಂಚನ ಪಾಠ ಅವಳಿಗೆ ಕಾಣಲೇಬಾರದು. ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಕ್ರೇಟ್ ಇಟ್ಟರೂ ಆಯಿತು.

ಡಾಕ್ಟ್ರಮ್ಮ
ಕಾರು ಬೇಡ! ಗಾಜು ಸ್ವಲ್ಪ ಇಳಿಸಿದ್ದರೂ ಬಿಸಿಲಿನಲ್ಲಿ ಒಳಗಿನ ಶಾಖ ನಿಮಿಷಗಳಲ್ಲಿ ಏರುತ್ತದೆ. ಕಿರುಚುವ ನಾಯಿಯ ಮೈ ಮೊದಲೇ ಬಿಸಿ.

ಬಾಲ್ ಬಿಡದವ
ಆಯಿತು ಡಾಕ್ಟ್ರೇ, ಮನೆಯೊಳಗೇ. ಆದರೆ ಕಾಣಬಾರದು ಎಂಬ ಮಾತು ಬಿಡುವುದಿಲ್ಲ.

ಗೋಣಿಚೀಲ ಅಕ್ಕ
ನಾನೂ ಬಿಡುವುದಿಲ್ಲ. ಕಾಣದೆ ಇಟ್ಟು ಕಾಯುವುದನ್ನು ಕಲಿಸಲಾಗದು. ಎರಡು ಕೆಲಸ ಬೇರೆ ಬೇರೆ ಹೊತ್ತಿಗೆ ಮಾಡಲಿ ಬಿಡಿ: ಕೆಂಚನ ನಿಜವಾದ ಪಾಠಕ್ಕೆ ಅವಳು ಕ್ರೇಟಿನಲ್ಲಿ, ಗೋಣಿಚೀಲದ ಪಾಠಕ್ಕೆ ಕೆಂಚ ದೂರದಲ್ಲಿ ಸುಮ್ಮನೆ ನಿಂತ ಗೊಂಬೆ.

ಟೆರೇಸ್ ಮನೆ, ಮೈಸೂರು
ಇದು ನನ್ನಿಂದ ಆಗುತ್ತದೆ. ಸಂಜೆಯಿಂದಲೇ ಚೀಲ ಕಟ್ಟಿಕೊಂಡು ಅಡುಗೆ. ಆದರೆ ಅಕ್ಕಾ, ಮಿಂಚು ಗೋಣಿಚೀಲವನ್ನೇ ಹರಿದು ಹಾಕುತ್ತಾಳಲ್ಲ?

ಗೋಣಿಚೀಲ ಅಕ್ಕ
ಹಾಗಾದರೆ ಇಟ್ಟಿಗೆ ಮೇಲೆ ಅಗಲದ ಹಲಗೆ ಇಡಿ, ಅಲ್ಲಾಡದ ಹಾಗೆ. ನೆಲದಿಂದ ಒಂದು ಗೇಣು ಎತ್ತರ ಇದ್ದರೆ ಅಂಚು ಎಲ್ಲಿ ಮುಗಿಯುತ್ತದೆ ಎಂದು ಅವಳಿಗೂ ಗೊತ್ತಾಗುತ್ತದೆ, ಕಾಲು ಇಳಿಯಿತೋ ಇಲ್ಲವೋ ಎಂದು ನಿಮಗೂ.