ಉಬುಂಟು 24.04, ಬಿ550 ಬೋರ್ಡ್: ಸೆನ್ಸರ್ಸ್‌ನಲ್ಲಿ ಫ್ಯಾನ್ ವೇಗ, ವೋಲ್ಟೇಜ್ ಬರುತ್ತಿಲ್ಲ

ಪ್ರಶ್ನೆ

ಬಿ550 ಚಿಪ್‌ಸೆಟ್ ಬೋರ್ಡ್, ರೈಜನ್ 5 5600, ಉಬುಂಟು 24.04, ಕರ್ನಲ್ 6.8. ತಾಪಮಾನ, ಫ್ಯಾನ್ ವೇಗ ಓದುವ ಎಲ್‌ಎಂ-ಸೆನ್ಸರ್ಸ್ ಹಾಕಿಕೊಂಡು `ಸೆನ್ಸರ್ಸ್` ಕೊಟ್ಟರೆ ಎರಡೇ ಬರುತ್ತವೆ: ಕೆ10ಟೆಂಪ್‌ನ ಟಿಸಿಟಿಎಲ್ (ಸಿಪಿಯು ತಾಪಮಾನ) ಮತ್ತು ಎನ್‌ವಿಎಂಇ ಡಿಸ್ಕಿನ ತಾಪಮಾನ. ಫ್ಯಾನ್ ಒಂದೂ ಇಲ್ಲ, ವೋಲ್ಟೇಜೂ ಇಲ್ಲ. ಬಯಾಸ್ ಪರದೆಯಲ್ಲಿ ಮಾತ್ರ ಸಿಪಿಯು ಫ್ಯಾನ್ 1100 ಆರ್‌ಪಿಎಂ ಆಸುಪಾಸು ಕಾಣುತ್ತದೆ.

`ಸೆನ್ಸರ್ಸ್-ಡಿಟೆಕ್ಟ್` ಐಟಿಇ ಕಂಪನಿಯ ಚಿಪ್ ಎಂದು ಗುರುತಿಸುತ್ತದೆ, ಆದರೆ ಐಡಿ 0ಎಕ್ಸ್8688 ಗೊತ್ತಿಲ್ಲದ ಚಿಪ್ ಎಂದು ಹೇಳಿ ಅಲ್ಲಿಗೇ ಬಿಡುತ್ತದೆ. ಐಟಿಇ ಚಿಪ್‌ಗಳ ಡ್ರೈವರ್ ಲೋಡ್ ಮಾಡಲು `ಸುಡೊ ಮಾಡ್‌ಪ್ರೋಬ್ ಐಟಿ87` ಕೊಟ್ಟರೆ "ನೋ ಸಚ್ ಡಿವೈಸ್". ಕೊನೆಗೆ ಅದನ್ನು 8628 ಚಿಪ್ ಎಂದು ಡ್ರೈವರ್‌ಗೆ ನಂಬಿಸಲು `ಫೋರ್ಸ್_ಐಡಿ=0ಎಕ್ಸ್8628` ಸೇರಿಸಿ ಕೊಟ್ಟರೆ "ಡಿವೈಸ್ ಆರ್ ರಿಸೋರ್ಸ್ ಬ್ಯುಸಿ". ಮುಂದೆ ಏನು ಮಾಡಬೇಕು?

ಉತ್ತರ 1

ಎರಡು ದೋಷಗಳೂ ಬೇರೆ ಬೇರೆ. ಮೊದಲನೆಯದು ಡ್ರೈವರ್‌ಗೆ ಚಿಪ್ಪಿನ ಪರಿಚಯ ಇಲ್ಲದ್ದು, ಅದನ್ನು ನೀವು ದಾಟಿದ್ದೀರಿ. ಎರಡನೆಯದು ಎಸಿಪಿಐ (ಯಂತ್ರಾಂಶ ನಿಭಾಯಿಸಲು ಬಯಾಸ್ ಕೊಡುವ ವ್ಯವಸ್ಥೆ) ತಕರಾರು. `ಸುಡೊ ಡಿಎಂಇಎಸ್‌ಜಿ` ಕೊಟ್ಟು ಕೊನೆಯ ಸಾಲುಗಳನ್ನು ನೋಡಿ, "ಸಿಸ್ಟಮ್‌ಐಒ ರೇಂಜ್ ... ಕಾನ್‌ಫ್ಲಿಕ್ಟ್ಸ್ ವಿತ್ ಆಪ್‌ರೀಜನ್" ಅನ್ನುವ ಎಚ್ಚರಿಕೆ ಇದ್ದೇ ಇರುತ್ತದೆ. ಬೂಟ್ ಲೋಡರ್ ಆದ ಗ್ರಬ್‌ನಲ್ಲಿ ಕರ್ನಲ್ ಸಾಲಿಗೆ `ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್=ಲ್ಯಾಕ್ಸ್` ಸೇರಿಸಿ, `ಅಪ್‌ಡೇಟ್-ಗ್ರಬ್` ಮಾಡಿ, ರೀಬೂಟ್ ಮಾಡಿ. ಬರುತ್ತದೆ.

ಉತ್ತರ 2

ಲ್ಯಾಕ್ಸ್ ಹಾಕಿದರೆ ಕೆಲಸ ಆಗುತ್ತದೆ, ನಿಜ. ಆದರೆ ಅದು ಒಂದು ಚಿಪ್ಪಿಗೋಸ್ಕರ ಇಡೀ ಯಂತ್ರದ ಕಾವಲನ್ನೇ ತೆಗೆದ ಹಾಗೆ. ಕೆಲವು ಯಂತ್ರಗಳು ಇದರಿಂದ ಬೂಟ್ ಆಗದೆ ನಿಂತದ್ದೂ ಇದೆ. ಕರ್ನಲ್ ಯಾಕೆ ತಡೆಯುತ್ತಿದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಈ ಚಿಪ್ಪಿನ ಒಳಗಿನ ರಿಜಿಸ್ಟರ್‌ಗಳನ್ನು (ಅಂಕಿಗಳನ್ನು ಇಡುವ ಪುಟ್ಟ ಜಾಗಗಳನ್ನು) ನೇರವಾಗಿ ಓದಲು ಬರುವುದಿಲ್ಲ. ಇರುವುದು ಎರಡೇ ಬಾಗಿಲು, ಸಾಮಾನ್ಯವಾಗಿ ಪೋರ್ಟ್ 0ಎಕ್ಸ್ಎ45 ಮತ್ತು 0ಎಕ್ಸ್ಎ46. ಮೊದಲನೆಯದಕ್ಕೆ ಯಾವ ರಿಜಿಸ್ಟರ್ ಬೇಕೋ ಅದರ ಸಂಖ್ಯೆ ಬರೆಯಬೇಕು, ಎರಡನೆಯದರಿಂದ ಬೆಲೆ ಓದಬೇಕು. ಬಯಾಸ್‌ನವರು ಬರೆದ ಎಸಿಪಿಐ ಕೋಡ್ ಕೂಡ ಇದೇ ಎರಡು ಪೋರ್ಟ್ ಬಳಸುತ್ತದೆ. ಡ್ರೈವರ್ ಸಂಖ್ಯೆ ಬರೆದು ಇನ್ನೂ ಓದಿಲ್ಲ ಅನ್ನುವಷ್ಟರಲ್ಲಿ ಎಸಿಪಿಐ ನುಗ್ಗಿ ಬೇರೆ ಸಂಖ್ಯೆ ಬರೆದರೆ, ಡ್ರೈವರ್‌ಗೆ ಸಿಗುವುದು ಬೇರೆ ರಿಜಿಸ್ಟರ್‌ನ ಬೆಲೆ. ಓದುವಾಗ ಹೀಗಾದರೆ ಒಂದು ಕ್ಷಣ ತಪ್ಪು ತಾಪಮಾನ ಕಾಣುತ್ತದೆ, ಅಷ್ಟೆ. ಬರೆಯುವಾಗ ಹೀಗಾದರೆ ಫ್ಯಾನ್ ನಿಯಂತ್ರಣದ ರಿಜಿಸ್ಟರ್‌ಗೆ ಏನೋ ಹೋಗಿ ಕೂರಬಹುದು. ಆದ್ದರಿಂದ ಓದುವುದಕ್ಕೆ ಮಾತ್ರ ಬಳಸಿ.

ಅಪಾಯ ಅಷ್ಟೇ ಇರುತ್ತದೆ, ಆದರೆ ಅದನ್ನು ಈ ಒಂದು ಡ್ರೈವರ್‌ಗೆ ಸೀಮಿತ ಮಾಡಬಹುದು. ಮೊದಲು `ಮಾಡ್‌ಇನ್ಫೊ -ಪಿ ಐಟಿ87` ಕೊಟ್ಟು `ಇಗ್ನೋರ್_ರಿಸೋರ್ಸ್_ಕಾನ್‌ಫ್ಲಿಕ್ಟ್` ಅನ್ನುವ ಆಯ್ಕೆ ಇದೆಯೇ ನೋಡಿ. 6.8ರಲ್ಲಿ ಇದೆ. ಆಮೇಲೆ ಕೈಯಲ್ಲೇ ಪರೀಕ್ಷಿಸಿ:

`ಸುಡೊ ಮಾಡ್‌ಪ್ರೋಬ್ ಐಟಿ87 ಫೋರ್ಸ್_ಐಡಿ=0ಎಕ್ಸ್8628 ಇಗ್ನೋರ್_ರಿಸೋರ್ಸ್_ಕಾನ್‌ಫ್ಲಿಕ್ಟ್=1`

ಬಂದ ಫ್ಯಾನ್ ವೇಗ ಬಯಾಸ್ ಪರದೆಯದಕ್ಕೆ ಹೊಂದುತ್ತಿದ್ದರೆ ಮಾತ್ರ ಕಾಯಂ ಮಾಡಿ. `/ಇಟಿಸಿ/ಮಾಡ್‌ಪ್ರೋಬ್.ಡಿ/ಐಟಿ87.ಕಾನ್ಫ್` ಕಡತದಲ್ಲಿ `ಆಪ್ಷನ್ಸ್ ಐಟಿ87` ಎಂದು ಶುರುಮಾಡಿ ಮೇಲಿನ ಎರಡು ಆಯ್ಕೆಗಳನ್ನು ಒಂದೇ ಸಾಲಿನಲ್ಲಿ ಬರೆಯಿರಿ. `/ಇಟಿಸಿ/ಮಾಡ್ಯೂಲ್ಸ್-ಲೋಡ್.ಡಿ/ಐಟಿ87.ಕಾನ್ಫ್` ಕಡತದಲ್ಲಿ `ಐಟಿ87` ಅನ್ನುವ ಒಂದೇ ಪದ ಸಾಕು. ಎಷ್ಟೋ ಜನ ಮೊದಲನೆಯದನ್ನು ಮಾತ್ರ ಬರೆದು ರೀಬೂಟ್ ಆದಮೇಲೆ ಮತ್ತೆ ಏನೂ ಬರುತ್ತಿಲ್ಲ ಎನ್ನುತ್ತಾರೆ. ಆಯ್ಕೆ ಬರೆದ ಮಾತ್ರಕ್ಕೆ ಮಾಡ್ಯೂಲ್ ಲೋಡ್ ಆಗುವುದಿಲ್ಲ.

ತಾಪಮಾನ ಒಂದೇ ಸಾಕು ಅನ್ನುವುದಾದರೆ, ಬೋರ್ಡ್ ಗಿಗಾಬೈಟ್ ಆಗಿದ್ದಲ್ಲಿ `ಗಿಗಾಬೈಟ್_ಡಬ್ಲ್ಯೂಎಂಐ` ಮಾಡ್ಯೂಲ್ ಹಾಕಿ ನೋಡಿ. ಅದು ಬಯಾಸ್ ಮೂಲಕವೇ ಕೇಳುವುದರಿಂದ ಈ ಜಗಳವೇ ಇಲ್ಲ. ಫ್ಯಾನ್ ವೇಗ ಮಾತ್ರ ಅದು ಕೊಡುವುದಿಲ್ಲ.

ಪ್ರಶ್ನೆ ಕೇಳಿದವರು

ಲ್ಯಾಕ್ಸ್ ಇಲ್ಲದೆ ಬಂತು, ತುಂಬಾ ಧನ್ಯವಾದ. ಫ್ಯಾನ್1 1120 ಆರ್‌ಪಿಎಂ, ಬಯಾಸ್‌ಗೆ ಹೊಂದುತ್ತದೆ. ಆದರೆ ಇನ್1, ಇನ್2, ಇನ್3 ಮೂರೂ 2.02 ವೋಲ್ಟ್ ತೋರಿಸುತ್ತಿವೆ. 12 ವೋಲ್ಟ್ ಎಲ್ಲಿ ಹೋಯಿತು? ಒಂದು ಟೆಂಪ್‌ನಲ್ಲಿ -55 ಡಿಗ್ರಿ ಇದೆ. ಪವರ್ ಸಪ್ಲೈ ಕೆಟ್ಟಿದೆಯೇ?

ಉತ್ತರ 2

ಕೆಟ್ಟಿಲ್ಲ. 12 ವೋಲ್ಟ್ ನಿಜವಾಗಿ 2 ವೋಲ್ಟ್‌ಗೆ ಇಳಿದಿದ್ದರೆ ನೀವು ಇಲ್ಲಿ ಬರೆಯುವ ಹೊತ್ತಿಗೆ ಯಂತ್ರ ಆರಿಹೋಗಿರುತ್ತಿತ್ತು.

ಡ್ರೈವರ್ ಲೆಕ್ಕದಲ್ಲಿ ಈ ಚಿಪ್ಪಿನ ಅಳತೆ 8 ಬಿಟ್‌ನದು, ಹೆಜ್ಜೆ 12 ಮಿಲಿವೋಲ್ಟ್. 255 ಹೆಜ್ಜೆಗೆ 3.06 ವೋಲ್ಟ್, ಅದಕ್ಕಿಂತ ಮೇಲೆ ಅಳೆಯಲು ಬರುವುದಿಲ್ಲ. ಹಾಗಾಗಿ ಬೋರ್ಡ್ ಮೇಲೆ ಎರಡೆರಡು ರೆಸಿಸ್ಟರ್ ಇಟ್ಟು 3.3, 12, 5 ಮೂರನ್ನೂ 2 ವೋಲ್ಟ್ ಆಸುಪಾಸಿಗೆ ಇಳಿಸಿ ಚಿಪ್ಪಿಗೆ ಕೊಡುತ್ತಾರೆ. ಯಾವ ರೆಸಿಸ್ಟರ್ ಹಾಕಿದ್ದಾರೆ ಅನ್ನುವುದು ಡ್ರೈವರ್‌ಗೆ ಗೊತ್ತಿರುವುದಿಲ್ಲ, ನಾವೇ ಹೇಳಬೇಕು. ಇಂಥ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇನ್1ಕ್ಕೆ 1.65, ಇನ್2ಕ್ಕೆ 6, ಇನ್3ಕ್ಕೆ 2.5ರ ಗುಣಕ. ನಿಮ್ಮ 2.02ಕ್ಕೆ ಹಾಕಿ ನೋಡಿ: 3.33, 12.12, 5.05. ಮೂರೂ ಸರಿಯಾಗಿಯೇ ಇವೆ. ಬಯಾಸ್ ಪರದೆಯ ಅಂಕಿಗಳ ಜೊತೆ ಒಮ್ಮೆ ತಾಳೆ ನೋಡಿ, ಆಮೇಲೆ `/ಇಟಿಸಿ/ಸೆನ್ಸರ್ಸ್.ಡಿ/` ಒಳಗೆ ಒಂದು ಕಡತ ಮಾಡಿ:

```
ಚಿಪ್ "ಐಟಿ8628-ಐಎಸ್ಎ-*"
  ಲೇಬಲ್ ಇನ್1 "+3.3ವಿ"
  ಕಂಪ್ಯೂಟ್ ಇನ್1 @*1.65, @/1.65
  ಲೇಬಲ್ ಇನ್2 "+12ವಿ"
  ಕಂಪ್ಯೂಟ್ ಇನ್2 @*6, @/6
  ಲೇಬಲ್ ಇನ್3 "+5ವಿ"
  ಕಂಪ್ಯೂಟ್ ಇನ್3 @*2.5, @/2.5
  ಇಗ್ನೋರ್ ಟೆಂಪ್3
```

ಚಿಪ್ ಹೆಸರು 8628 ಎಂದೇ ಇರಬೇಕು, 8688 ಅಲ್ಲ. ನಾವು ಫೋರ್ಸ್_ಐಡಿ ಕೊಟ್ಟು ಡ್ರೈವರ್‌ಗೆ ಹಾಗೆಂದು ನಂಬಿಸಿದ್ದೇವೆ. 8688 ಎಂದು ಬರೆದರೆ ಇಡೀ ವಿಭಾಗ ಸದ್ದಿಲ್ಲದೆ ಅಲಕ್ಷ್ಯವಾಗುತ್ತದೆ, ದೋಷವೂ ಬರುವುದಿಲ್ಲ.

12 ವೋಲ್ಟ್ ಆಗಾಗ 12.02, 12.10 ಎಂದು ಕುಣಿಯುತ್ತದೆ, ಗಾಬರಿ ಬೇಡ. ಒಂದು ಹೆಜ್ಜೆ 12 ಮಿಲಿವೋಲ್ಟ್, ಆರರಿಂದ ಗುಣಿಸಿದರೆ 72 ಮಿಲಿವೋಲ್ಟ್. ಇದಕ್ಕಿಂತ ಸೂಕ್ಷ್ಮವಾಗಿ ಈ ಚಿಪ್ ನೋಡಲಾರದು. ಎಟಿಎಕ್ಸ್ ಮಿತಿ 5 ಶೇಕಡ, ಅಂದರೆ 11.40ರಿಂದ 12.60. ಅನುಮಾನ ಇದ್ದರೆ ಮಲ್ಟಿಮೀಟರ್ ಹಿಡಿದೇ ನೋಡಬೇಕು.

-55 ಅಂದರೆ ಚಿಪ್ಪಿನ ಆ ಕಾಲಿಗೆ (ಪಿನ್) ಏನೂ ಜೋಡಿಸಿಲ್ಲ. `ಸೆನ್ಸರ್ಸ್ -ಯು` ಕೊಟ್ಟರೆ ಅದು ಟೆಂಪ್ ಎಷ್ಟನೆಯದು ಎಂದು ಕಾಣುತ್ತದೆ, ಮೇಲೆ ನಾನು 3 ಎಂದದ್ದನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಉಳಿದ ಟೆಂಪ್‌ಗಳಲ್ಲಿ ಯಾವುದು ಯಾವುದು ಎಂದು ತಿಳಿಯಲು ಒಂದು ಕಿಟಕಿಯಲ್ಲಿ `ವಾಚ್ -ಎನ್ 1 ಸೆನ್ಸರ್ಸ್` ಓಡಿಸಿ, ಇನ್ನೊಂದರಲ್ಲಿ `ಸ್ಟ್ರೆಸ್-ಎನ್‌ಜಿ --ಸಿಪಿಯು 12 --ಟೈಮ್‌ಔಟ್ 60ಎಸ್` ಕೊಡಿ. ಟಿಸಿಟಿಎಲ್ ಜೊತೆಗೇ ಜಿಗಿಯುವುದು ಸಿಪಿಯು. ಹಿಂದೆ ಬಿದ್ದು ನಿಧಾನ ಏರುವುದು ವಿಆರ್‌ಎಂ (ಸಿಪಿಯುಗೆ ವೋಲ್ಟೇಜ್ ಹೊಂದಿಸಿ ಕೊಡುವ ಭಾಗ) ಇರಬಹುದು. ಅಲುಗಾಡದೇ ಇರುವುದು ಚಿಪ್‌ಸೆಟ್ ಅಥವಾ ಬೋರ್ಡ್.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಈ ಅಂಕಿಗಳನ್ನು ಸ್ಕ್ರಿಪ್ಟ್‌ಗೋ ಡೆಸ್ಕ್‌ಟಾಪ್ ಫಲಕಕ್ಕೋ ಕೊಡುವುದಿದ್ದರೆ `/ಸಿಸ್/ಕ್ಲಾಸ್/ಎಚ್‌ಡಬ್ಲ್ಯೂಮಾನ್/ಎಚ್‌ಡಬ್ಲ್ಯೂಮಾನ್3` ಎಂದು ಸಂಖ್ಯೆ ನೇರ ಬರೆಯಬೇಡಿ. ಮಾಡ್ಯೂಲ್‌ಗಳು ಲೋಡ್ ಆದ ಕ್ರಮದಲ್ಲಿ ಈ ಸಂಖ್ಯೆ ಬೀಳುತ್ತದೆ. ಇವತ್ತಿನ 3 ನಾಳೆ 4 ಆಗಿ, ಸಿಪಿಯು ಜಾಗದಲ್ಲಿ ಡಿಸ್ಕಿನ ತಾಪಮಾನ ಕಾಣಿಸುತ್ತದೆ. ಪ್ರತಿ ಫೋಲ್ಡರ್‌ನಲ್ಲೂ `ನೇಮ್` ಎಂಬ ಕಡತ ಇದೆ, ಅದನ್ನು ಹಿಡಿದು ಹುಡುಕಿ:

`ಗ್ರೆಪ್ -ಎಲ್ ಐಟಿ8628 /ಸಿಸ್/ಕ್ಲಾಸ್/ಎಚ್‌ಡಬ್ಲ್ಯೂಮಾನ್/ಎಚ್‌ಡಬ್ಲ್ಯೂಮಾನ್*/ನೇಮ್`

ಅಲ್ಲಿನ ಟೆಂಪ್ ಬೆಲೆಗಳು ಸಾವಿರ ಪಟ್ಟು ಇರುತ್ತವೆ, 41000 ಅಂದರೆ 41 ಡಿಗ್ರಿ. ಮತ್ತು ಇಲ್ಲಿ ನೇರವಾಗಿ ಓದಿದರೆ ಮೇಲೆ ಬರೆದ ಕಂಪ್ಯೂಟ್ ಗುಣಕ ಅನ್ವಯಿಸುವುದಿಲ್ಲ, ಅದು ಸೆನ್ಸರ್ಸ್ ಲೈಬ್ರರಿಯಲ್ಲಿ ಮಾತ್ರ ನಡೆಯುವ ಲೆಕ್ಕ. ಗುಣಕ ಸೇರಿದ ಬೆಲೆ ಬೇಕಿದ್ದರೆ `ಸೆನ್ಸರ್ಸ್ -ಜೆ` ಕೊಡಿ, ಜೇಸನ್ ರೂಪದಲ್ಲಿ ಸಿಗುತ್ತದೆ.

ಸಾಟಾ ಡಿಸ್ಕ್ ಇದ್ದರೆ `ಡ್ರೈವ್‌ಟೆಂಪ್` ಮಾಡ್ಯೂಲನ್ನೂ ಹಾಕಿಕೊಳ್ಳಿ, ಕರ್ನಲ್ 5.6ರಿಂದ ಇದೆ. ಹಾಗೆಯೇ ಎನ್‌ವಿಎಂಇಯ ಸೆನ್ಸರ್ 1ರಲ್ಲಿ "ಹೈ = +65261.8" ಎಂದು ಕಂಡರೆ ಹೆದರಬೇಡಿ. ಡಿಸ್ಕ್ ಮಿತಿಯನ್ನು ಕೆಲ್ವಿನ್‌ನಲ್ಲಿ ಇಡುತ್ತದೆ, ಮಿತಿಯೇ ಇಲ್ಲ ಅನ್ನುವುದಕ್ಕೆ 65535 ಎಂದು ತುಂಬಿರುತ್ತದೆ. ಅದರಲ್ಲಿ 273.15 ಕಳೆದರೆ ಈ ಅಂಕಿ.